ಹಲವು ದಿನದರ್ಶಿಕೆಗಳು, ಒಂದೇ ದಿನ

ಕಾಲವನ್ನು ಅಳೆಯುವ ವಿದ್ಯೆಯನ್ನು ಮಾನವನು ಬಹು ಹಿಂದೆಯೇ ಸಾಧಿಸಿದನು. ಆದರೆ ಅಳೆದ ಕಾಲವನ್ನು ಒಬ್ಬರಿಗೊಬ್ಬರು ತಿಳಿಸಿಕೊಂಡು, ಒಬ್ಬರ ವೇಳೆಗೆ ಮತ್ತೊಬ್ಬರ ವೇಳೆ ಅಡ್ಡಬಾರದಂತೆ ಬಾಳುವ ವಿದ್ಯೆ ಇಂದಿಗೂ ಪೂರ್ಣವಾಗಿ ಕೈವಶವಾಗಿಲ್ಲ. ಮೊಬೈಲಿನಲ್ಲಿಯೂ ಗಣಕಯಂತ್ರದಲ್ಲಿಯೂ ಹಲವು ಬಗೆಯ ಕ್ಯಾಲೆಂಡರುಗಳು ಕೈಗೆಟುಕುವಂತಿರುವ ಈ ದಿನಗಳಲ್ಲಿಯೇ ಒಂದು ವೇಳೆಗೆ ಎರಡು ಕಡೆ ಮಾತು ಕೊಟ್ಟು ಪೇಚಾಡುವ ಪ್ರಸಂಗಗಳು ಹೆಚ್ಚುತ್ತಿರುವುದು ವಿಚಾರ ಮಾಡತಕ್ಕ ಸಂಗತಿ.

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ಮೊದಲಾದ ಬೆಂಗಳೂರಿನ ಹಳೆಯ ಬಡಾವಣೆಗಳ ಮನೆಗಳಲ್ಲಿ ಈ ಹೊಂದಾಣಿಕೆಯ ಕೆಲಸವನ್ನು ಬಹುಕಾಲ ನಿರ್ವಹಿಸಿದ್ದು ಗೋಡೆಗೆ ತೂಗುಹಾಕಿದ ಒಂದು ಕ್ಯಾಲೆಂಡರು. 1916ರಲ್ಲಿ ಸ್ಥಾಪಿತವಾದ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರನ್ನು ಅರಿಯದ ಹಿರಿಯರು ಈ ಭಾಗದಲ್ಲಿ ವಿರಳ. ದೂರದಿಂದಲೇ ಓದಬಹುದಾದ ದಪ್ಪ ಅಂಕಿಗಳು, ಅವುಗಳ ಪಕ್ಕದಲ್ಲಿ ಸಣ್ಣ ಅಕ್ಷರದ ವಿವರಗಳು, ರಜಾದಿನಗಳಿಗೆ ಕೆಂಪು ಬಣ್ಣ. ಆ ಹಾಳೆಯ ಮೇಲೆಯೇ ಗೃಹಿಣಿಯು ಹಾಲಿನ ಲೆಕ್ಕವನ್ನು ಬರೆಯುತ್ತಿದ್ದಳು. ಯಜಮಾನನು ಚೀಟಿಯ ಕಂತಿನ ದಿನಕ್ಕೆ ಗೆರೆ ಎಳೆಯುತ್ತಿದ್ದನು. ಮಕ್ಕಳ ಪರೀಕ್ಷೆ, ಬಂಧುಗಳ ಮನೆಯ ಮದುವೆ, ಹಿರಿಯರ ಗಣಾರಾಧನೆ ಎಲ್ಲವೂ ಅಲ್ಲಿಯೇ ದಾಖಲಾಗುತ್ತಿದ್ದವು. ಆ ಕ್ಯಾಲೆಂಡರಿನ ಹಿರಿಮೆ ಅದರ ಮುದ್ರಣದಲ್ಲಿ ಮಾತ್ರವೇ ಇರಲಿಲ್ಲ. ಮನೆಯ ಎಲ್ಲರೂ ಒಂದೇ ಹಾಳೆಯನ್ನು ನೋಡುತ್ತಿದ್ದರು ಎಂಬುದರಲ್ಲಿ ಇತ್ತು. ಒಬ್ಬರು ಬರೆದದ್ದು ಉಳಿದವರ ಕಣ್ಣಿಗೆ ತಾನಾಗಿಯೇ ಬೀಳುತ್ತಿತ್ತು.

ಒಂದು ಸಂಜೆಯ ದೃಷ್ಟಾಂತ

ಇಂದು ಆ ಒಂದು ಹಾಳೆ ಹಲವು ಜೇಬುಗಳಿಗೆ ಹಂಚಿಹೋಗಿದೆ. ದೃಷ್ಟಾಂತಕ್ಕಾಗಿ ಚಾಮರಾಜಪೇಟೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ವಿದೇಶದಲ್ಲಿ ಪ್ರಧಾನ ಕಚೇರಿಯುಳ್ಳ ಸಾಫ್ಟ್‌ವೇರ್ ಸಂಸ್ಥೆಯ ನೌಕರ. ಅವನ ವೇಳೆಯೆಲ್ಲ ಕಚೇರಿಯ ಕ್ಯಾಲೆಂಡರಿನಲ್ಲಿ. ತಾಯಿ ಕಾಲೇಜಿನ ಅಧ್ಯಾಪಕಿ. ಆಕೆಯ ವೇಳೆ ತನ್ನ ಸ್ವಂತ ಮೊಬೈಲಿನ ಕ್ಯಾಲೆಂಡರಿನಲ್ಲಿ. ಮಗಳ ಶಾಲೆಯ ಕಾರ್ಯಕ್ರಮಗಳು ಶಾಲೆಯವರು ಕಳುಹಿಸುವ ಪಟ್ಟಿಯಲ್ಲಿ. ಅಜ್ಜನಿಗೆ ಪಂಚಾಂಗ ಮತ್ತು ಗೋಡೆಯ ಕ್ಯಾಲೆಂಡರೇ ಪ್ರಮಾಣ.

2025ನೆಯ ಇಸವಿಯಲ್ಲಿ ಬಸವ ಜಯಂತಿ ಏಪ್ರಿಲ್ 30, ಬುಧವಾರ ಬಂದಿತು. ಅಂದು ಸಂಜೆ 6 ಗಂಟೆಗೆ ಬಡಾವಣೆಯ ಸಮಾರಂಭದಲ್ಲಿ ಮಗಳು ವಚನ ಹಾಡುವವಳು. ವಿದೇಶದ ಕಚೇರಿಗೆ ಅಂದು ರಜೆಯಿಲ್ಲ. ಆದುದರಿಂದ ಅಲ್ಲಿಯವರು 6.30ಕ್ಕೆ ಸಭೆಯನ್ನು ಗೊತ್ತುಮಾಡಿದರು. ತಂದೆ ತನ್ನ ಕ್ಯಾಲೆಂಡರಿನಲ್ಲಿ ಆ ವೇಳೆ ಖಾಲಿಯಿದ್ದುದನ್ನು ಕಂಡು ಒಪ್ಪಿಗೆ ಕೊಟ್ಟನು. ಅದೇ ದಿನ ಅಕ್ಷಯ ತೃತೀಯೆಯೂ ಆದುದರಿಂದ ಮಲ್ಲೇಶ್ವರದಲ್ಲಿ ಗೆಳತಿಯ ಮಗಳ ಆರತಕ್ಷತೆ; ತಾಯಿಯು ತಿಂಗಳ ಮೊದಲೇ ಬರುವೆನೆಂದು ಹೇಳಿದ್ದಳು. ಇವರಲ್ಲಿ ಯಾರೂ ಅಲಕ್ಷ್ಯ ಮಾಡಿದವರಲ್ಲ. ಪ್ರತಿಯೊಬ್ಬರೂ ತಮ್ಮ ದಿನದರ್ಶಿಕೆಯನ್ನು ನೋಡಿಯೇ ಮಾತು ಕೊಟ್ಟವರು. ಪ್ರತಿಯೊಂದು ದಿನದರ್ಶಿಕೆಯೂ ತನ್ನ ಮಟ್ಟಿಗೆ ಸರಿಯಾಗಿಯೇ ಇತ್ತು. ಆದರೂ ಹುಡುಗಿ ವೇದಿಕೆಯ ಮೇಲೆ ನಿಂತು ನೋಡಿದಾಗ ಮುಂದಿನ ಸಾಲಿನಲ್ಲಿ ಅಜ್ಜನೊಬ್ಬನೇ ಕುಳಿತಿದ್ದನು.

ಈ ಬಗೆಯ ಸಂಜೆಗಳು ಅನೇಕ ಮನೆಗಳಲ್ಲಿ ನಡೆಯುತ್ತವೆ. ಇವುಗಳಿಗೆ ವೇಳೆಯ ಅಭಾವವೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಪರಿಶೀಲಿಸಿದರೆ ಕಾರಣಗಳು ಬೇರೆ. ಅವುಗಳಿಗೆ ಪರಿಹಾರವೂ ಉಂಟು.

ತಿಥಿ ಮತ್ತು ತಾರೀಖು

ಮೊದಲನೆಯ ಕಾರಣ, ಗಣನೆಯ ಭೇದ. ಶಾಲೆ, ಕಚೇರಿ, ಬ್ಯಾಂಕುಗಳು ನಡೆಯುವುದು ಸೂರ್ಯನ ಗತಿಯನ್ನು ಅನುಸರಿಸುವ ಇಂಗ್ಲಿಷ್ ತಾರೀಖಿನ ಮೇಲೆ. ಹಬ್ಬ, ಜಾತ್ರೆ, ಜಯಂತಿಗಳಲ್ಲಿ ಹೆಚ್ಚಿನವು ನಡೆಯುವುದು ಚಂದ್ರನ ತಿಥಿಯ ಮೇಲೆ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳು. ಸೌರವರ್ಷಕ್ಕೆ 365ಕ್ಕೆ ಮಿಗಿಲು. ಆದುದರಿಂದ ಹಬ್ಬಗಳು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ. ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕ ಮಾಸವೊಂದು ಸೇರಿ ಮತ್ತೆ ಮುಂದಕ್ಕೆ ಹೋಗುತ್ತವೆ. 2023ರಲ್ಲಿ ಅಧಿಕ ಶ್ರಾವಣವೂ 2026ರಲ್ಲಿ ಅಧಿಕ ಜ್ಯೇಷ್ಠವೂ ಬಂದುದು ಈ ನಿಯಮದಿಂದಲೇ. ವೈಶಾಖ ಶುದ್ಧ ತೃತೀಯೆಯ ಬಸವ ಜಯಂತಿ 2024ರಲ್ಲಿ ಮೇ 10ರಂದು ಬಂದರೆ 2025ರಲ್ಲಿ ಏಪ್ರಿಲ್ 30ರಂದು ಬಂದಿತು. ಮಹಾಶಿವರಾತ್ರಿಯು 2024ರಲ್ಲಿ ಮಾರ್ಚ್ 8, 2025ರಲ್ಲಿ ಫೆಬ್ರವರಿ 26.

ಇವೆರಡು ಗಣನೆಗಳೂ ಒಂದೇ ಮಠದ ಪರಂಪರೆಯಲ್ಲಿ ಜೊತೆಜೊತೆಯಾಗಿ ಇರುವುದುಂಟು. ಸಿದ್ಧಗಂಗೆಯ ಜಾತ್ರೆ ಶಿವರಾತ್ರಿಯ ಕಾಲದ್ದು. ಅದು ವರ್ಷ ವರ್ಷವೂ ಸರಿಯುತ್ತದೆ. ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳವರ ಜನ್ಮದಿನವಾದ ಏಪ್ರಿಲ್ 1 ಸರಿಯುವುದಿಲ್ಲ. ಅವರು 2019ರಲ್ಲಿ ಲಿಂಗೈಕ್ಯರಾದ ಜನವರಿ 21 ಸಹ ತಾರೀಖಿನಿಂದಲೇ ನೆನೆಯಲ್ಪಡುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯ ನಿಯಮ ಇನ್ನೂ ವಿಶೇಷವಾದುದು. ಕಾರ್ತಿಕ ಮಾಸದ ಕೊನೆಯ ಸೋಮವಾರ ಎಂಬಲ್ಲಿ ಮಾಸವು ಚಂದ್ರನದು, ವಾರವು ಎಲ್ಲರಿಗೂ ಸಮಾನವಾದುದು. ಆ ಸೋಮವಾರ 2024ರಲ್ಲಿ ನವೆಂಬರ್ 25, 2025ರಲ್ಲಿ ನವೆಂಬರ್ 17.

ಮೊಬೈಲಿನ ಕ್ಯಾಲೆಂಡರಿನಲ್ಲಿ ‘ಪ್ರತಿವರ್ಷ ಪುನರಾವರ್ತಿಸು’ ಎಂಬ ಸೌಲಭ್ಯವಿದೆ. ಅದು ಸಾಮಾನ್ಯವಾಗಿ ಅನುಸರಿಸುವುದು ತಾರೀಖನ್ನು. ಒಮ್ಮೆ ಬಸವ ಜಯಂತಿಯನ್ನು ಹೀಗೆ ಬರೆದಿಟ್ಟರೆ ಮರುವರ್ಷ ತಪ್ಪಾದ ದಿನದಂದು ಜ್ಞಾಪನೆ ಬರುತ್ತದೆ. ಸರಿಯಾದ ದಿನವು ಖಾಲಿಯೆಂದು ತೋರುತ್ತದೆ. ಖಾಲಿಯಾಗಿ ತೋರಿದ ದಿನಕ್ಕೆ ಬೇರೊಂದು ಕೆಲಸ ಬಂದು ಕೂರುವುದು ಸಹಜ. ಆದುದರಿಂದ ತಾರೀಖಿನ ದಿನಗಳಿಗೆ ಪುನರಾವರ್ತನೆ, ತಿಥಿಯ ದಿನಗಳಿಗೆ ಪ್ರತಿವರ್ಷವೂ ಹೊಸದಾಗಿ ಬರೆಯುವುದು ಎಂಬ ಭೇದವನ್ನು ನೆನಪಿಡಬೇಕು. ಎರಡು ಪಂಚಾಂಗಗಳು ಒಂದು ದಿನದಷ್ಟು ಭಿನ್ನವಾಗುವುದೂ ಉಂಟು. ಅಂತಹ ಸಂದರ್ಭದಲ್ಲಿ ಕಾರ್ಯಕ್ರಮವನ್ನು ನಡೆಸುವ ಮಠದ ಅಥವಾ ಸಂಸ್ಥೆಯ ಪ್ರಕಟಣೆಯನ್ನೇ ಅನುಸರಿಸುವುದು ಕ್ಷೇಮ.

ಎಲ್ಲ ಗಣನೆಗಳನ್ನೂ ತೊರೆದು ಒಂದನ್ನೇ ಇಟ್ಟುಕೊಂಡರೆ ಆಗದೇ ಎಂದು ಕೇಳಬಹುದು. ದೇಶದ ಮಟ್ಟದಲ್ಲಿ ಆ ಪ್ರಯತ್ನ ನಡೆದಿದೆ. ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯ ವರದಿ 1955ರಲ್ಲಿ ಪ್ರಕಟವಾಯಿತು. ಅದರ ಫಲವಾಗಿ 1957ರ ಮಾರ್ಚ್ 22ರಿಂದ, ಅಂದರೆ ಶಕ 1879ರ ಚೈತ್ರ 1ರಿಂದ, ರಾಷ್ಟ್ರೀಯ ಪಂಚಾಂಗವು ಬಳಕೆಗೆ ಬಂದಿತು. ಆಗ ದೇಶದಲ್ಲಿ ಮೂವತ್ತರಷ್ಟು ಪಂಚಾಂಗಗಳು ರೂಢಿಯಲ್ಲಿದ್ದವು. ಸರ್ಕಾರದ ರಾಜಪತ್ರದಲ್ಲಿ ರಾಷ್ಟ್ರೀಯ ಪಂಚಾಂಗಕ್ಕೆ ಸ್ಥಾನ ದೊರೆತರೂ ಮನೆಯ ಹಬ್ಬಗಳು ತಮ್ಮ ಹಳೆಯ ತಿಥಿಗಳನ್ನು ಬಿಡಲಿಲ್ಲ. ಕಚೇರಿಗಳು ಇಂಗ್ಲಿಷ್ ತಾರೀಖನ್ನು ಬಿಡಲಿಲ್ಲ. ಇದರಿಂದ ತಿಳಿಯುವುದೇನೆಂದರೆ, ದಿನದರ್ಶಿಕೆಗಳನ್ನು ಒಂದಾಗಿಸುವುದು ದುಸ್ಸಾಧ್ಯ. ಆದರೆ ಅವನ್ನೆಲ್ಲ ಒಂದೇ ಕಡೆ ನೋಡುವುದು ಸಾಧ್ಯ. ಜಾಲದ ಕ್ಯಾಲೆಂಡರುಗಳು ಇಂದು ಒದಗಿಸಿರುವ ಉಪಕಾರ ಇದೇ.

ಜಾಲದ ಕ್ಯಾಲೆಂಡರು ಕೆಲಸ ಮಾಡುವ ಬಗೆ

ಮೊಬೈಲಿನಲ್ಲಿ ಬರೆದ ಕಾರ್ಯಕ್ರಮವು ಆ ಮೊಬೈಲಿನಲ್ಲಿ ಮಾತ್ರವೇ ಉಳಿಯದೆ, ದೂರದ ಸರ್ವರ್ ಎಂಬ ಗಣಕದಲ್ಲಿ ಬಳಕೆದಾರನ ಖಾತೆಯ ಹೆಸರಿನಲ್ಲಿ ದಾಖಲಾಗುತ್ತದೆ. ಕಚೇರಿಯ ಖಾತೆ ಬೇರೆ, ಸ್ವಂತ ಖಾತೆ ಬೇರೆ, ಶಾಲೆಯ ಖಾತೆ ಬೇರೆ. ಒಂದು ಖಾತೆಗೆ ಮತ್ತೊಂದು ಖಾತೆಯಲ್ಲಿರುವುದು ತಾನಾಗಿ ತಿಳಿಯುವುದಿಲ್ಲ. ಇದೇ ಘರ್ಷಣೆಯ ಎರಡನೆಯ ಕಾರಣ.

ಬೇರೆ ಬೇರೆ ಸಂಸ್ಥೆಗಳ ಕ್ಯಾಲೆಂಡರುಗಳು ಪರಸ್ಪರ ಅರ್ಥಮಾಡಿಕೊಳ್ಳಲು ಒಂದು ಸಾಮಾನ್ಯ ಲಿಪಿಯಂತಿರುವುದು ಐಕ್ಯಾಲೆಂಡರ್ ಎಂಬ ಕ್ರಮ. 1998ರಲ್ಲಿ ನಿರೂಪಿತವಾಗಿ 2009ರಲ್ಲಿ ಪರಿಷ್ಕೃತವಾದ ಈ ಕ್ರಮದಲ್ಲಿ ಕಾರ್ಯಕ್ರಮದ ಹೆಸರು, ಆರಂಭ, ಮುಕ್ತಾಯ, ಯಾವ ದೇಶದ ವೇಳೆ, ಪುನರಾವರ್ತನೆಯ ನಿಯಮ ಇವೆಲ್ಲವನ್ನೂ ಸರಳ ಸಾಲುಗಳಲ್ಲಿ ಬರೆಯಲಾಗುತ್ತದೆ. 2006ರಲ್ಲಿ ಆರಂಭವಾದ ಗೂಗಲ್ ಕ್ಯಾಲೆಂಡರ್ ಆಗಲಿ, ಕಚೇರಿಗಳಲ್ಲಿ ಬಳಕೆಯಲ್ಲಿರುವ ಔಟ್‌ಲುಕ್ ಆಗಲಿ, ಈ ಲಿಪಿಯನ್ನು ಓದಬಲ್ಲವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶಾಲೆಯ ಕ್ಯಾಲೆಂಡರನ್ನು ಮನೆಯ ಕ್ಯಾಲೆಂಡರಿಗೆ ತರಲು ಎರಡು ದಾರಿಗಳಿವೆ. ಒಂದು, ಅಂದಿನ ಸ್ಥಿತಿಯಲ್ಲಿ ನಕಲು ಮಾಡಿಕೊಳ್ಳುವುದು. ಇನ್ನೊಂದು, ಕೊಂಡಿಯ ಮೂಲಕ ಜೋಡಿಸಿಕೊಳ್ಳುವುದು. ನಕಲು ಮಾಡಿದ್ದು ಅಂದಿಗೇ ನಿಂತುಹೋಗುತ್ತದೆ. ಶಾಲೆಯವರು ವಾರ್ಷಿಕೋತ್ಸವವನ್ನು ಒಂದು ದಿನ ಮುಂದಕ್ಕೆ ಹಾಕಿದರೆ ಮನೆಯಲ್ಲಿ ಹಳೆಯ ದಿನವೇ ಉಳಿಯುತ್ತದೆ. ಕೊಂಡಿಯ ಮೂಲಕ ಜೋಡಿಸಿದ್ದು ಮೂಲದಲ್ಲಿ ಬದಲಾದಂತೆ ಬದಲಾಗುತ್ತದೆ. ಆದರೆ ಆ ಬದಲಾವಣೆ ತಲುಪಲು ಕೆಲವು ಗಂಟೆಗಳು, ಒಮ್ಮೊಮ್ಮೆ ಒಂದು ದಿನವೂ ಹಿಡಿಯಬಹುದಾದುದರಿಂದ, ನಾಳೆಯ ಕಾರ್ಯಕ್ರಮ ಇಂದು ಬದಲಾದರೆ ದೂರವಾಣಿಯಲ್ಲಿ ತಿಳಿಸುವುದೇ ಲೇಸು.

ಮತ್ತೊಂದು ಸೂಕ್ಷ್ಮವು ‘ನಿರತ’ ಮತ್ತು ‘ಬಿಡುವು’ ಎಂಬ ಗುರುತುಗಳದ್ದು. ಸಭೆ ಕರೆಯುವವರು ನೋಡುವುದು ಈ ಗುರುತನ್ನು. ಗೂಗಲ್ ಕ್ಯಾಲೆಂಡರಿನಲ್ಲಿ ಇಡೀ ದಿನದ ಕಾರ್ಯಕ್ರಮವೆಂದು ಬರೆದದ್ದು, ಬದಲಿಸದಿದ್ದರೆ, ‘ಬಿಡುವು’ ಎಂದೇ ಗಣನೆಗೆ ಬರುತ್ತದೆ. ಬಸವ ಜಯಂತಿ ಎಂದು ದಿನದ ತಲೆಯ ಮೇಲೆ ಬರೆದಿದ್ದರೂ ಸಂಜೆ 6.30ಕ್ಕೆ ಸಭೆ ಗೊತ್ತಾಗಲು ಅಡ್ಡಿಯಾಗದಿರುವುದು ಇದರಿಂದಲೇ. ದಿನವನ್ನು ಬರೆದರೆ ಸಾಲದು. ವೇಳೆಯನ್ನು ಬರೆದು ಅದನ್ನು ‘ನಿರತ’ ಎಂದು ಗುರುತಿಸಬೇಕು.

ಮೂರನೆಯ ಕಾರಣ, ದೇಶಾಂತರದ ವೇಳೆ. ಭಾರತದ ವೇಳೆ ವರ್ಷವಿಡೀ ಒಂದೇ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ನವೆಂಬರಿನ ಮೊದಲನೆಯ ಭಾನುವಾರ ಹಿಂದಕ್ಕೂ ತಿರುಗಿಸುತ್ತಾರೆ. ಕ್ಯಾಲಿಫೋರ್ನಿಯದ ರಾತ್ರಿ 9 ಗಂಟೆಯು ಚಳಿಗಾಲದಲ್ಲಿ ಬೆಂಗಳೂರಿನ ಮರುದಿನ ಬೆಳಿಗ್ಗೆ 10.30, ಬೇಸಗೆಯಲ್ಲಿ 9.30. ಅಲ್ಲಿನ ಗಡಿಯಾರಕ್ಕೆ ಕಟ್ಟುಬಿದ್ದ ಸಾಪ್ತಾಹಿಕ ಸಭೆಯು ಇಲ್ಲಿ ಯಾರೂ ಮುಟ್ಟದೆಯೇ ಒಂದು ಗಂಟೆ ಸರಿದು ಬೇರೊಂದು ಕೆಲಸದ ಮೇಲೆ ಬೀಳುತ್ತದೆ. ಮಕ್ಕಳು ಹೊರದೇಶದಲ್ಲಿರುವ ಮನೆಗಳಲ್ಲಿ ವರ್ಷಕ್ಕೆ ಎರಡು ಬಾರಿ ಈ ಗೊಂದಲ ಉಂಟಾಗುವುದನ್ನು ಕಾಣಬಹುದು. ಮಾರ್ಚ್ ಮತ್ತು ನವೆಂಬರಿನಲ್ಲಿ ಒಮ್ಮೆ ಪರಿಶೀಲಿಸಿಕೊಂಡರೆ ಇದು ತಪ್ಪುತ್ತದೆ.

ನಾಲ್ಕನೆಯದು, ಬರೆಯದೆ ಬಿಟ್ಟ ವೇಳೆ. ಕಾರ್ಯಕ್ರಮ ಒಂದು ಗಂಟೆಯದಾದರೂ ಹೋಗಿಬರುವ ಪ್ರಯಾಣಕ್ಕೆ ಅಷ್ಟೇ ವೇಳೆ ಬೇಕಾಗಬಹುದು. ಬಸವನಗುಡಿಯಲ್ಲಿ 5 ಗಂಟೆಗೆ ಮುಗಿಯುವ ಕೆಲಸಕ್ಕೂ ಮಲ್ಲೇಶ್ವರದಲ್ಲಿ 5 ಗಂಟೆಗೆ ಆರಂಭವಾಗುವ ಕೆಲಸಕ್ಕೂ ಕ್ಯಾಲೆಂಡರಿನ ಪ್ರಕಾರ ವಿರೋಧವಿಲ್ಲ. ರಸ್ತೆಯ ಪ್ರಕಾರ ಪೂರ್ಣ ವಿರೋಧವಿದೆ. ಪರಿಷೆಯ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯನ್ನು ದಾಟಬೇಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪರಿಹಾರದ ಮಾರ್ಗ

ಮದುವೆಯ ಛತ್ರಗಳ ಹಳೆಯ ಪದ್ಧತಿಯಲ್ಲಿ ಈ ಸಮಸ್ಯೆಗೆ ಉತ್ತರವಿದೆ. ಛತ್ರವನ್ನು ಗೊತ್ತುಮಾಡಲು ವ್ಯವಸ್ಥಾಪಕರ ಮೇಜಿನ ಮೇಲೆ ಒಂದೇ ದಪ್ಪ ಪುಸ್ತಕವಿರುತ್ತಿತ್ತು. ಯಾರೇ ಬಂದು ಕೇಳಲಿ, ಆ ಪುಸ್ತಕವನ್ನು ತೆರೆದು ನೋಡದೆ ಉತ್ತರ ಹೇಳುತ್ತಿರಲಿಲ್ಲ. ಮುಂಗಡ ಪಡೆದೊಡನೆ ಅದರಲ್ಲಿಯೇ ಬರೆಯುತ್ತಿದ್ದರು. ತೊಂದರೆ ಬರುತ್ತಿದ್ದುದು ಕಾರ್ಯದರ್ಶಿಯವರು ಮನೆಯಿಂದಲೇ ದೂರವಾಣಿಯಲ್ಲಿ ಒಪ್ಪಿಕೊಂಡಾಗ. ಪುಸ್ತಕ ಒಂದೇ ಇರಬೇಕು, ಅದನ್ನು ನೋಡಿದ ಬಳಿಕವೇ ಮಾತು ಕೊಡಬೇಕು, ಕೊಟ್ಟ ಮಾತನ್ನು ಆ ಕ್ಷಣವೇ ಬರೆಯಬೇಕು. ಜಾಲದ ಕ್ಯಾಲೆಂಡರುಗಳಿಗೂ ನಿಯಮಗಳು ಈ ಮೂರೇ.

ಮನೆಯ ಮಟ್ಟಿಗೆ ಇದನ್ನು ಆಚರಣೆಗೆ ತರುವುದು ಕಷ್ಟವಲ್ಲ. ಮೊದಲು ಮನೆಗೆಂದು ಒಂದು ಸಾಮಾನ್ಯ ಕ್ಯಾಲೆಂಡರನ್ನು ತೆರೆದು, ಮನೆಯ ಎಲ್ಲ ವಯಸ್ಕರಿಗೂ ಅದರಲ್ಲಿ ಬರೆಯುವ ಅಧಿಕಾರ ಕೊಡಬೇಕು. ಶಾಲೆಯ ಮತ್ತು ಸ್ವಂತದ ಕ್ಯಾಲೆಂಡರುಗಳನ್ನು ಕೊಂಡಿಯ ಮೂಲಕ ಅದರ ಪಕ್ಕದಲ್ಲಿ ಬೇರೆ ಬೇರೆ ಬಣ್ಣಗಳಲ್ಲಿ ಕಾಣುವಂತೆ ಮಾಡಬೇಕು. ಕಚೇರಿಯ ಕ್ಯಾಲೆಂಡರನ್ನು ಹೊರಗೆ ಹಂಚಲು ಅನುಮತಿ ಇಲ್ಲದಿದ್ದರೆ, ಸಭೆಗಳ ವಿಷಯವನ್ನು ಬರೆಯದೆ ವೇಳೆಯನ್ನು ಮಾತ್ರ ‘ನಿರತ’ ಎಂದು ಮನೆಯ ಕ್ಯಾಲೆಂಡರಿನಲ್ಲಿ ಗುರುತಿಸಬಹುದು. ಹಾಗೆಯೇ ಮನೆಯ ಮುಖ್ಯ ವೇಳೆಗಳನ್ನು ಕಚೇರಿಯ ಕ್ಯಾಲೆಂಡರಿನಲ್ಲಿ ವಿವರವಿಲ್ಲದೆ ‘ನಿರತ’ ಎಂದು ಕಾಯ್ದಿರಿಸಬೇಕು. ಈ ಎರಡನೆಯ ಕೆಲಸವನ್ನು ಅನೇಕರು ಮರೆಯುತ್ತಾರೆ. ತಾನು ಎರಡನ್ನೂ ನೋಡಬಲ್ಲೆನೆಂಬುದರಿಂದ ಸಭೆ ಕರೆಯುವವರಿಗೂ ಅದು ಕಾಣುವುದೆಂದು ಭಾವಿಸುವುದು ತಪ್ಪು. ಮನೆಯ ಕ್ಯಾಲೆಂಡರನ್ನು ಲೋಕಕ್ಕೆಲ್ಲ ತೆರೆದಿಡಲೂಬಾರದು; ಮನೆಯವರು ಎಂದು ಊರಿನಲ್ಲಿರುವುದಿಲ್ಲ ಎಂಬುದು ಅಪರಿಚಿತರಿಗೆ ತಿಳಿಯಬೇಕಾದ ಸಂಗತಿಯಲ್ಲ.

ನಿಶ್ಚಯವಾಗದ ಕಾರ್ಯಕ್ರಮವನ್ನು ಪ್ರಶ್ನಾರ್ಥಕ ಚಿಹ್ನೆಯೊಡನೆ ಬರೆದು, ಯಾವ ದಿನದೊಳಗೆ ನಿಶ್ಚಯವಾಗಬೇಕೆಂಬುದನ್ನೂ ಬರೆಯುವುದು ಒಳ್ಳೆಯದು. ಪ್ರಯಾಣದ ವೇಳೆಯನ್ನು ಪ್ರತ್ಯೇಕವಾಗಿ ಕಾಯ್ದಿರಿಸಬೇಕು. ಭಾನುವಾರ ಹತ್ತು ನಿಮಿಷ ಎಲ್ಲರೂ ಕೂಡಿ ಮುಂದಿನ ವಾರವನ್ನು ಓದಿಕೊಂಡರೆ ಘರ್ಷಣೆಗಳಲ್ಲಿ ಬಹುಪಾಲು ಆಗಲೇ ಬಯಲಾಗುತ್ತವೆ.

ತಿಥಿಯ ದಿನಗಳಿಗೆ ಯುಗಾದಿಯೇ ಪ್ರಶಸ್ತ ಕಾಲ. ಅಂದು ಪಂಚಾಂಗ ಶ್ರವಣ ಮಾಡುವ ರೂಢಿ ನಾಡಿನಲ್ಲಿದೆ. ಅದೇ ಸಂದರ್ಭದಲ್ಲಿ ಅಜ್ಜನು ಪಂಚಾಂಗವನ್ನು ಓದಿ ಹೇಳಿದರೆ ಮೊಮ್ಮಗಳು ಬಸವ ಜಯಂತಿ, ಶಿವರಾತ್ರಿ, ಮಠದ ಜಾತ್ರೆ, ಮನೆಯ ಹಿರಿಯರ ಗಣಾರಾಧನೆಗಳ ತಾರೀಖನ್ನು ಒಂದೊಂದಾಗಿ ಮೊಬೈಲಿನಲ್ಲಿ ದಾಖಲಿಸಬಹುದು. ಒಬ್ಬರಿಗೆ ತಿಥಿಯ ಜ್ಞಾನ, ಮತ್ತೊಬ್ಬರಿಗೆ ಯಂತ್ರದ ಜ್ಞಾನ. ಎರಡೂ ಸೇರಿದಾಗಲೇ ಕೆಲಸ ಪೂರ್ಣವಾಗುವುದು. ಶಾಲೆಗಳು ತೆರೆದ ಬಳಿಕ ಪರೀಕ್ಷೆ ಮತ್ತು ರಜೆಗಳಿಗಾಗಿ ಇನ್ನೊಮ್ಮೆ ಕುಳಿತರೆ ವರ್ಷದ ಚೌಕಟ್ಟು ಸಿದ್ಧವಾದಂತೆ.

ಸಂಸ್ಥೆಗಳ ಹೊಣೆಯೂ ಕಡಿಮೆಯದಲ್ಲ. ಸಭಾಂಗಣಕ್ಕೆ ಒಂದು ಕ್ಯಾಲೆಂಡರು, ಅದಕ್ಕೆ ಒಬ್ಬರೇ ಹೊಣೆಗಾರರು ಇರಬೇಕು. ಈಗಿನ ಕ್ಯಾಲೆಂಡರುಗಳಲ್ಲಿ ಸಭಾಂಗಣವನ್ನೇ ಒಬ್ಬ ವ್ಯಕ್ತಿಯಂತೆ ಪರಿಗಣಿಸಿ, ಒಂದು ವೇಳೆಗೆ ಎರಡನೆಯ ಕೋರಿಕೆ ಬಂದರೆ ತಾನಾಗಿ ನಿರಾಕರಿಸುವ ಏರ್ಪಾಡು ಉಂಟು. ಪೋಷಕರ ಸಭೆಯ ದಿನವನ್ನು ಹಿಂದಿನ ಸಂಜೆ ತಿಳಿಸುವುದಕ್ಕಿಂತ ವರ್ಷಾರಂಭದಲ್ಲಿಯೇ ಒಂದು ಕೊಂಡಿಯ ಮೂಲಕ ಪ್ರಕಟಿಸುವುದು ನೂರಾರು ಮನೆಗಳಿಗೆ ಮಾಡುವ ಉಪಕಾರ.

ಯಂತ್ರವು ಹೇಳಲಾರದ ಮಾತು

ಇಷ್ಟೆಲ್ಲ ಮಾಡಿದರೂ ಘರ್ಷಣೆಗಳು ಪೂರ್ತಿಯಾಗಿ ಅಳಿಯಲಾರವು. ಶುಭಮುಹೂರ್ತವೊಂದಕ್ಕೆ ಮೂರು ಮದುವೆಗಳ ಕರೆ ಬರುವುದನ್ನು ಯಾವ ಯಂತ್ರವೂ ತಡೆಯಲಾರದು. ಎರಡು ಕಾರ್ಯಗಳು ಒಂದೇ ವೇಳೆಗೆ ಬಂದಿವೆಯೆಂಬುದನ್ನು ಕ್ಯಾಲೆಂಡರು ಹೇಳುತ್ತದೆ. ಅವುಗಳಲ್ಲಿ ಯಾವುದು ಹಿರಿದೆಂಬುದನ್ನು ಹೇಳುವುದಿಲ್ಲ. ಆ ತೀರ್ಮಾನ ಮನುಷ್ಯನದು. ಆದರೆ ತೀರ್ಮಾನವನ್ನು ಮೂರು ವಾರ ಮೊದಲು ಮಾಡಲು ಅವಕಾಶ ದೊರೆಯುವುದಕ್ಕೂ, ಅದೇ ದಿನ ಬೆಳಿಗ್ಗೆ ಗಾಬರಿಯಲ್ಲಿ ಮಾಡುವುದಕ್ಕೂ ಬಹಳ ಅಂತರವಿದೆ. ಮೊದಲೇ ತಿಳಿದಿದ್ದರೆ ಆ ತಂದೆಯು ಸಭೆಯನ್ನು ಒಂದು ಗಂಟೆ ಮುಂದಕ್ಕೆ ಹಾಕುವಂತೆ ಕೇಳಬಹುದಾಗಿತ್ತು. ತಾಯಿಯು ಬೆಳಿಗ್ಗೆ ಮುಹೂರ್ತಕ್ಕೇ ಹೋಗಿಬಂದು ಸಂಜೆಯನ್ನು ಮಗಳಿಗೆ ಮೀಸಲಿಡಬಹುದಾಗಿತ್ತು. ಎಲ್ಲಿಗೆ ಹೋಗಲಾಗುವುದಿಲ್ಲವೋ ಅಲ್ಲಿಗೆ ತಿಳಿದೊಡನೆ ತಿಳಿಸುವುದು ಸೌಜನ್ಯ. ಕಾದು ಕುಳಿತವರಿಗೆ ಬಳಿಕ ಹೇಳುವ ಸಮಾಧಾನ ಅದಕ್ಕೆ ಸಮನಾಗದು.

ನುಡಿದಂತೆ ನಡೆಯಬೇಕೆಂಬುದು ಶರಣರ ಬಾಳಿನ ಆದರ್ಶ. ಬರುವೆನೆಂದು ಹೇಳುವುದೂ ಒಂದು ನುಡಿಯೇ. ಹೇಳಿದ ವೇಳೆಗೆ ಬರುವುದೇ ಅದರ ನಡೆ. ಕಾಯಕದಲ್ಲಿ ನಿಷ್ಠೆಯುಳ್ಳವನು ಪರರ ವೇಳೆಯನ್ನೂ ತನ್ನ ವೇಳೆಯಷ್ಟೇ ಆದರದಿಂದ ಕಾಣುತ್ತಾನೆ. ವಿದ್ಯಾರ್ಥಿಗಳು ಈ ಅಭ್ಯಾಸವನ್ನು ಎಳೆಯ ವಯಸ್ಸಿನಲ್ಲಿಯೇ ರೂಢಿಸಿಕೊಳ್ಳುವುದು ಉಚಿತ. ಮೊಬೈಲು ಕೈಯಲ್ಲಿಲ್ಲದವರಿಗೆ ಗೋಡೆಯ ಮೇಲಿನ ಕ್ಯಾಲೆಂಡರೂ ಒಂದು ಸೀಸದ ಕಡ್ಡಿಯೂ ಸಾಕು. ಈ ಸಂಚಿಕೆ ಕೈಸೇರಿದ ದಿನವೇ ಮನೆಯವರೊಡನೆ ಕುಳಿತು, ಮುಂದಿನ ಶಾಲಾ ವಾರ್ಷಿಕೋತ್ಸವದ ಮತ್ತು ಬಸವ ಜಯಂತಿಯ ದಿನಗಳನ್ನು ವೇಳೆಯ ಸಹಿತ ಎಲ್ಲರ ಕ್ಯಾಲೆಂಡರಿನಲ್ಲಿಯೂ ಬರೆಯಿಸುವುದರಿಂದ ಈ ಕೆಲಸವನ್ನು ಆರಂಭಿಸಬಹುದು.